ಕೂತು ಉಣ್ಣುವ ಭಾಗ್ಯ

ಅನ್ನಭಾಗ್ಯ, ಕ್ಷೀರಭಾಗ್ಯ, ಶಾದಿಭಾಗ್ಯ ಎಂದು ಬಗೆಬಗೆಯ ಭಾಗ್ಯಗಳನ್ನು ಕಂಡ ರಾಜ್ಯ ನಮ್ಮದು. ಯಾವ ಬಜೆಟ್ಟಿನಲ್ಲೂ ಘೋಷಣೆಯಾಗದೆ, ಯಾವ ಫ್ಲೆಕ್ಸಿನ ಮೇಲೂ ಕೈಮುಗಿದವರ ಚಿತ್ರವಿಲ್ಲದೆ ಸುರಳೀತ ನಡೆದುಬಂದ ಭಾಗ್ಯ ಇನ್ನೊಂದಿದೆ. ಅದು ಕೂತು ಉಣ್ಣುವ ಭಾಗ್ಯ. ಇದಕ್ಕೆ ಅರ್ಜಿ ಬೇಡ, ಆಧಾರ್ ಜೋಡಣೆ ಬೇಡ, ರೇಷನ್ ಕಾರ್ಡು ಯಾವುದೆಂದು ಯಾರೂ ಕೇಳುವುದಿಲ್ಲ, ಸರ್ವರ್ ಬಿಜಿ ಎಂಬ ಮಾತೂ ಇಲ್ಲ. ಅರ್ಹತೆ ಒಂದೇ: ಮೈಯ ಒಂದು ಮಗ್ಗುಲಿಗೆ ಲಕ್ವಾ ಹೊಡೆದಿರಬೇಕು. ಹೊಡೆದ ದಿನದಿಂದಲೇ ಯೋಜನೆ ಜಾರಿ. ಫಲಾನುಭವಿ ಕಣ್ಣು ಮುಚ್ಚುವತನಕ ನವೀಕರಣದ ಕಿರಿಕಿರಿಯೂ ಇಲ್ಲ.

ಯಾದಗಿರಿಯ ಮಗ್ಗುಲಿಗಿರುವ ಮುದನಾಳದಲ್ಲಿ ಅಂಥ ಒಬ್ಬ ಯವ್ವ ಇದ್ದಾಳೆಂದುಕೊಳ್ಳೋಣ. ಹೆಸರಿನ ಅಗತ್ಯವಿಲ್ಲ, ಶಹಾಪುರದ ಓಣಿಯಲ್ಲೂ ಸುರಪುರದ ಓಣಿಯಲ್ಲೂ ಆಕೆಯಂಥವರು ಸಿಗುತ್ತಾರೆ. ಹತ್ತಿ ಬಿಡಿಸಿದ ಕೈ, ತೊಗರಿ ಕೊಯ್ದ ಕೈ, ಮದುವೆ ಮನೆಗಳಲ್ಲಿ ರೊಟ್ಟಿ ಬಡಿದು ಹೆಸರು ಮಾಡಿದ ಕೈ. ಒಂದು ದಿನ ನಸುಕಿನಲ್ಲಿ ಬಲಗೈ, ಬಲಗಾಲು ಮಾತು ಕೇಳಲಿಲ್ಲ. ಮೊದಲು ನಾಟಿ ಔಷಧ, ಆಮೇಲೆ ಜಿಲ್ಲಾಸ್ಪತ್ರೆ, ಆಮೇಲೆ ಕಲಬುರಗಿ ಎಂದು ಸುತ್ತಿ ಜೀವ ಉಳಿಯಿತು. ಡಿಸ್ಚಾರ್ಜ್ ಚೀಟಿಯಲ್ಲಿ ಬಿ.ಪಿ. ಗುಳಿಗೆ ಇದೆ, ರಕ್ತ ತೆಳ್ಳಗಾಗುವ ಗುಳಿಗೆ ಇದೆ, ಉಪ್ಪು ಕಡಿಮೆ ಮಾಡಿ ಎಂಬ ಸಾಲಿದೆ, ಎಲ್ಲಕ್ಕೂ ಕೆಳಗೆ "ಫಿಸಿಯೋ" ಎಂದು ಗೀಚಿದ್ದಾರೆ. ಮನೆಗೆ ಬಂದ ಯವ್ವನನ್ನು ಪಡಸಾಲೆಯ ಮಂಚದ ಮೇಲೆ ಕೂಡಿಸಿದರು.

"ಯವ್ವಾ, ನೀ ಸುಮ್ ಕೂಡು. ದುಡದದ್ದು ಸಾಕು."

ಮಗನ ಮಾತಿನಲ್ಲಿ ಇರುವುದು ಪ್ರೀತಿಯೇ. ಯವ್ವ ಎಡಗೈಯಿಂದ ಚೆಂಬಿಗೆ ಕೈಹಾಕಿದರೆ ಸೊಸೆ ಓಡಿ ಬಂದು ಕಸಿದುಕೊಳ್ಳುತ್ತಾಳೆ. ಸೊಸೆಯದೂ ತಪ್ಪಿಲ್ಲ. ಎದುರುಮನೆಯ ಕಟ್ಟೆಯ ಮೇಲೆ ಓಣಿಯ ನ್ಯಾಯಪೀಠ ಬೆಳಗಿನಿಂದ ಕೂತಿರುತ್ತದೆ. "ನೋಡ್ರಿ, ಲಕ್ವಾ ಹೊಡದ ಮುದುಕಿಗಿ ಕೆಲಸಕ್ಕ ಹಚ್ಯಾಳ" ಎಂಬ ತೀರ್ಪು ಒಮ್ಮೆ ಬಂತೆಂದರೆ ಮೇಲ್ಮನವಿಗೆ ಅವಕಾಶವಿಲ್ಲ. ಹೀಗಾಗಿ ಬಾಯಿಗೆ ತುತ್ತು, ತಲೆಗೆ ಎಣ್ಣೆ, ಮೈಗೆ ಸೀರೆ ಎಲ್ಲವೂ ಇನ್ನೊಬ್ಬರ ಕೈಯಿಂದಲೇ ಆಗಬೇಕು. ಕೆಲವೇ ತಿಂಗಳಲ್ಲಿ ಸೋತ ಕೈಯ ಜತೆಗೆ ಸೋಲದ ಕೈಯೂ ಕೆಲಸ ಮರೆಯುತ್ತದೆ. ಊರು ಇದಕ್ಕೆ ಸೇವೆ ಎನ್ನುತ್ತದೆ, ಚೆನ್ನಾಗಿ ಮಾಡಿದವರನ್ನು ಹೊಗಳುತ್ತದೆ.

ಇದು ಶರಣರು ಓಡಾಡಿದ ಸೀಮೆ. ಕಾಯಕದ ಮಹತ್ವದ ಬಗ್ಗೆ ವೇದಿಕೆ ಹತ್ತಿ ಎರಡು ತಾಸು ಮಾತಾಡುವವರಿಗೆ ಇಲ್ಲಿ ಬರವಿಲ್ಲ, ಕೆಳಗೆ ಕೂತು ತಲೆದೂಗುವವರಿಗೂ ಬರವಿಲ್ಲ. ಅಕ್ಕಿ ಆಯುವುದನ್ನೇ ಕಾಯಕ ಮಾಡಿಕೊಂಡ ಆಯ್ದಕ್ಕಿ ಲಕ್ಕಮ್ಮನ ಹೆಸರೆತ್ತಿದರೆ ಚಪ್ಪಾಳೆ ಗ್ಯಾರಂಟಿ. ನೆಲಕ್ಕೆ ಬಿದ್ದ ಕಾಳು ಎತ್ತಬೇಕಾದರೆ ಹೆಬ್ಬೆರಳು ತೋರುಬೆರಳು ಕೂಡಬೇಕು. ಲಕ್ಕಮ್ಮ ನಮ್ಮ ಕಾಲದಲ್ಲಿದ್ದು ಆ ಎರಡು ಬೆರಳು ಕೂಡದೇ ಹೋಗಿದ್ದರೆ ಏನು ಮಾಡುತ್ತಿದ್ದೆವು? ಮಂಚ ಹಾಕಿ, ಶಾಲು ಹೊದಿಸಿ, ಕೈಗೊಂದು ಫಲಕ ಕೊಟ್ಟು ಕೂಡಿಸಿಬಿಡುತ್ತಿದ್ದೆವು. ಫಲಕದ ಮೇಲೆ ಕಾಯಕದ ಮಾತು ಮಾತ್ರ ದಪ್ಪಕ್ಷರದಲ್ಲಿ ಇರುತ್ತಿತ್ತು.

ಈ ಭಾಗ್ಯಕ್ಕೆ ಕಲ್ಲು ಹಾಕುವುದೇ ಕಸುಬಾಗಿರುವ ಜನ ಜಗತ್ತಿನಲ್ಲಿದ್ದಾರೆ. ಅವರಿಗೆ ಆಕ್ಯುಪೇಷನಲ್ ಥೆರಪಿಸ್ಟ್ ಎನ್ನುತ್ತಾರೆ. ನಾಲ್ಕೂವರೆ ವರ್ಷ ಓದಿ ಬಂದು ಅವರು ಕೇಳುವ ಮೊದಲ ಪ್ರಶ್ನೆಯೇ ನಮಗೆ ವಿಚಿತ್ರ: "ಯವ್ವಾ, ನಿನಗ ಮತ್ತ ಏನ್ ಮಾಡಬೇಕಂತ ಆಸಿ ಅದ?" ಆಸ್ಪತ್ರೆಯ ಓಡಾಟದಲ್ಲಿ ಯವ್ವನಿಗೆ ಎಲ್ಲಿ ನೋವು ಎಂದು ಕೇಳಿದವರಿದ್ದಾರೆ, ಎಷ್ಟು ದಿನದಿಂದ ಎಂದವರಿದ್ದಾರೆ, ಜತೆಗೆ ಯಾರು ಬಂದಾರ, ಕಾರ್ಡ್ ತಂದೀರೇನು ಎಂದವರಿದ್ದಾರೆ. ಮುಂದೆ ಏನು ಮಾಡಬೇಕೆಂದಿದ್ದಿ ಎಂದು ಕೇಳಿದವರಿಲ್ಲ. ಯವ್ವ ತಡವರಿಸದೆ "ರೊಟ್ಟಿ ಬಡೀಬೇಕ್ರಿ" ಎನ್ನುತ್ತಾಳೆ. ಮನೆಮಂದಿ ನಗುತ್ತಾರೆ. ಥೆರಪಿಸ್ಟ್ ನಗದೆ ಬರೆದುಕೊಳ್ಳುತ್ತಾಳೆ.

ಅವಳ ಲೆಕ್ಕದಲ್ಲಿ ರೊಟ್ಟಿ ಎಂದರೆ ಹತ್ತು ಕೆಲಸ. ಹಿಟ್ಟು ತೆಗೆಯಬೇಕು, ಬಿಸಿನೀರು ಹಾಕಿ ನಾದಬೇಕು, ಉಂಡೆ ಕಟ್ಟಬೇಕು, ಬಡಿಯುತ್ತ ತಿರುಗಿಸಬೇಕು, ಎತ್ತಿ ಹಂಚಿಗೆ ಹಾಕಬೇಕು, ಮೇಲೆ ನೀರು ಸವರಬೇಕು, ಮಗುಚಬೇಕು. ಇದರಲ್ಲಿ ಯಾವುದು ಆಗುತ್ತದೆ, ಯಾವುದು ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಒಂದೊಂದನ್ನೇ ನೋಡುತ್ತಾಳೆ. ನೆಲದ ಮೇಲೆ ಕೂತರೆ ಯವ್ವ ಬಲಕ್ಕೆ ವಾಲುತ್ತಾಳೆ, ಆದ್ದರಿಂದ ಒಲೆ ಕಟ್ಟೆಗೇರುತ್ತದೆ, ಯವ್ವನಿಗೆ ಬೆನ್ನಾಸರೆಯ ಕುರ್ಚಿ ಬರುತ್ತದೆ. ಪರಾತ ಜಾರದಂತೆ ಅಡಿಗೆ ಒದ್ದೆ ಬಟ್ಟೆ. ಸೋತ ಬಲಗೈಯನ್ನು ಮಡಿಲಲ್ಲಿ ಬಿಡದೆ ಪರಾತದ ಅಂಚಿನ ಮೇಲೆ ಇಡಿಸುತ್ತಾಳೆ. ಬಡಿಯಲಾರದ ಕೈಗೆ ಒತ್ತಿ ಹಿಡಿಯುವುದಾದರೂ ಬಂದೀತು. ಉಂಡೆ ಮೊದಲಿನ ಅರ್ಧ. ರೊಟ್ಟಿ ಎತ್ತಲು ಅಗಲ ಸೌಟು. ಬೆಂಕಿಯ ಹತ್ತಿರ ಮಾತ್ರ ಎಡಗೈಯೇ ಮುಂದೆ, ಏಕೆಂದರೆ ಸ್ಪರ್ಶ ಸತ್ತ ಬಲಗೈಗೆ ಸುಟ್ಟರೂ ತಿಳಿಯುವುದಿಲ್ಲ. ಮೊದಲ ವಾರದ ರೊಟ್ಟಿಗಳು ಯಾವ ದೇಶದ ನಕ್ಷೆಗೂ ಹೊಂದುವುದಿಲ್ಲ. ಆದರೂ ಅವು ರೊಟ್ಟಿಯೇ.

ಅಲ್ಲಿಗೆ ಬಿಡುವುದಿಲ್ಲ. ಕುಪ್ಪಸ ತೊಡುವಾಗ ಸೋತ ಕೈ ಮೊದಲು ತೋಳಿನೊಳಗೆ, ಬಿಚ್ಚುವಾಗ ಅದು ಕೊನೆಗೆ. ಚಮಚದ ಹಿಡಿಗೆ ಹಳೆಯ ಸೀರೆಯ ಚಿಂದಿ ಸುತ್ತಿ ದಪ್ಪ ಮಾಡಿದರೆ ಬಿಗಿಹಿಡಿಯಲಾರದ ಬೆರಳಿಗೂ ಸಿಗುತ್ತದೆ. ಕುಕ್ಕರಗಾಲಲ್ಲಿ ಕೂಡಲಾಗದವರಿಗೆ ಕುರ್ಚಿಯ ನಡುವೆ ತೂತು ಕೊರೆದರೆ ಪಾಯಖಾನೆಗೆ ಸೊಸೆಯ ಹೆಗಲು ಬೇಕಾಗುವುದಿಲ್ಲ. ಮೊಣಕೈ ಎಷ್ಟು ಡಿಗ್ರಿ ಮಡಚುತ್ತದೆ ಎಂದು ಫಿಸಿಯೋಥೆರಪಿಸ್ಟ್ ಅಳೆಯುತ್ತಾನೆ, ಅದು ಬೇಕಾದ ಕೆಲಸವೇ. ಆ ಡಿಗ್ರಿಯಲ್ಲಿ ತುತ್ತು ಬಾಯಿಗೆ ಮುಟ್ಟುತ್ತದೋ ಇಲ್ಲವೋ ಎಂದು ನೋಡುವುದು ಇವಳ ಕೆಲಸ. ಇದರಲ್ಲಿ ಎಂ.ಆರ್.ಐ. ಇಲ್ಲ, ಕೀಂ ಎನ್ನುವ ಯಂತ್ರವಿಲ್ಲ, ಬಿಲ್ಲಿಗೆ ಹಚ್ಚಲು ಸಾಮಾನೂ ಇಲ್ಲ. ಸೂಜಿ ಚುಚ್ಚದವರನ್ನು ಡಾಕ್ಟರೆಂದು ಒಪ್ಪದ ನಾವು, ಪರಾತದ ಅಡಿಗೆ ಒದ್ದೆ ಬಟ್ಟೆ ಹಾಸಿದವಳಿಗೆ ಫೀಸು ಕೊಡುತ್ತೇವೆಯೇ?

ಕೊಡುವುದಿಲ್ಲ, ಏಕೆಂದರೆ ಕೂತು ಉಣ್ಣುವ ಭಾಗ್ಯ ಪುಕ್ಕಟೆ ಎಂದು ನಾವು ತಿಳಿದಿದ್ದೇವೆ. ಸ್ವಲ್ಪ ಲೆಕ್ಕ ಹಾಕೋಣ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಅತ್ತೆಗೆ ಉಣಿಸಲು, ಉಡಿಸಲು, ಎಬ್ಬಿಸಲು ಸೊಸೆ ಮನೆಯಲ್ಲೇ ಉಳಿದರೆ ಆ ಕೂಲಿ ಹೋಯಿತು, ಹತ್ತಿ ಬಿಡಿಸುವ ಸುಗ್ಗಿಯ ದುಡ್ಡೂ ಹೋಯಿತು. ಇನ್ನು ಸರಕಾರ ಕೊಡುವುದೆಷ್ಟು? ಅಂಗವೈಕಲ್ಯ ಶೇ 40 ದಾಟಿದರೆ ತಿಂಗಳಿಗೆ 800 ರೂಪಾಯಿ, ಶೇ 75 ದಾಟಿದರೆ 1,400. ಅಂದರೆ ತಿಂಗಳ ಪಿಂಚಣಿ ನಾಲ್ಕು ದಿನದ ಕೂಲಿಗೂ ಸಮ ಬರುವುದಿಲ್ಲ. ಅಷ್ಟಕ್ಕೇ ಮನೆಮಂದಿಗೆ ಹೊಸ ಭಯವೊಂದು ಹುಟ್ಟುತ್ತದೆ: ಯವ್ವ ರೊಟ್ಟಿ ಬಡಿಯುವುದು ಕಲಿತರೆ ಶೇಕಡಾವಾರು ಇಳಿದುಬಿಟ್ಟೀತೆ? ಕೈ ಎಷ್ಟು ಕೆಟ್ಟಿದೆ ಎಂಬುದಕ್ಕೆ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ನಮ್ಮಲ್ಲಿದೆ, ಆ ಕೈಯಿಂದ ಇನ್ನೂ ಏನೇನು ಆದೀತು ಎಂಬುದಕ್ಕೆ ಕಾಲಮ್ಮೇ ಇಲ್ಲ.

ಹಾಗಾದರೆ ಆ ಥೆರಪಿಸ್ಟನ್ನು ಎಲ್ಲಿ ಹುಡುಕುವುದು? ಸರಕಾರದ ಕಾಗದದಲ್ಲಿ ಹುಡುಕಿದರೆ ಸಿಗುತ್ತಾಳೆ. ಜಿಲ್ಲಾ ಅಂಗವಿಕಲರ ಪುನರ್ವಸತಿ ಕೇಂದ್ರ ಎಂಬ ಯೋಜನೆಯೊಂದಿದೆ. ಅದಕ್ಕೆ ಕೇಂದ್ರ ಸರಕಾರ ಸಿಬ್ಬಂದಿಯ ಪಟ್ಟಿ ಮಾಡಿಕೊಟ್ಟಿದೆ. ಮನಶ್ಶಾಸ್ತ್ರಜ್ಞರಿದ್ದಾರೆ, ಕೃತಕ ಕಾಲು ಮಾಡುವವರಿದ್ದಾರೆ, ಮಾತು ಕಲಿಸುವವರಿದ್ದಾರೆ. ನಡುವೆ ಒಂದು ಹುದ್ದೆ: "ಸೀನಿಯರ್ ಫಿಸಿಯೋಥೆರಪಿಸ್ಟ್/ಆಕ್ಯುಪೇಷನಲ್ ಥೆರಪಿಸ್ಟ್." ಎರಡು ಕಸುಬು, ಒಂದು ಕುರ್ಚಿ, ನಡುವೆ ಒಂದು ಓರೆಗೆರೆ. ಆ ಗೆರೆಯನ್ನು ಎಳೆದ ಅಧಿಕಾರಿ ಒಂದು ಸಂಬಳವನ್ನಂತೂ ಉಳಿಸಿದ. ಹಲ್ಲಿನ ಡಾಕ್ಟರು/ಕಣ್ಣಿನ ಡಾಕ್ಟರು, ಇಬ್ಬರಲ್ಲಿ ಯಾರಾದರೂ ಸೈ ಎಂದು ಬರೆದರೆ ಜನ ನಗುತ್ತಾರೆ. ಇಲ್ಲಿ ಯಾರೂ ನಗಲಿಲ್ಲ, ಏಕೆಂದರೆ ಗೆರೆಯ ಆಚೆಗಿರುವವರು ಏನು ಮಾಡುತ್ತಾರೆ ಎಂಬುದು ಗೊತ್ತಿದ್ದರೆ ತಾನೇ ನಗುವುದು. ಅದೇ ಪಟ್ಟಿಯ ಬಾಲದಲ್ಲಿ ಅಕೌಂಟೆಂಟ್-ಕಂ-ಕ್ಲರ್ಕ್-ಕಂ-ಸ್ಟೋರ್‌ಕೀಪರ್ ಕೂಡ ಇದ್ದಾನೆ. ಅವನದು ಮೂರು ಕೆಲಸ, ಮೂರನ್ನೂ ಅವನು ಮಾಡಲೇಬೇಕು. ಥೆರಪಿಸ್ಟಿಗೆ ಆ ಅದೃಷ್ಟವೂ ಇಲ್ಲ. ಅವಳ ಗೆರೆಗೆ "ಇವರಿದ್ದರೆ ಅವರು ಬೇಡ" ಎಂದರ್ಥ.

ಹೊಸ ಕಸುಬು, ಇನ್ನೂ ಬೇರು ಬಿಟ್ಟಿಲ್ಲ ಎಂದು ಸಮಾಧಾನ ಹೇಳುವ ಹಾಗೂ ಇಲ್ಲ. ಅಮೆರಿಕದಲ್ಲಿ ಹುಟ್ಟಿ, ಭಾರತೀಯನನ್ನು ಮದುವೆಯಾಗಿ ಇಲ್ಲಿಯವರೇ ಆದ ಕಮಲಾ ನಿಂಬ್ಕರ್ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಈ ವಿದ್ಯೆಯ ಶಾಲೆ ತೆರೆದರು. ಏಷ್ಯಾಕ್ಕೇ ಅದು ಮೊದಲನೆಯದು. 1952ರಲ್ಲಿ ಅಖಿಲ ಭಾರತ ಆಕ್ಯುಪೇಷನಲ್ ಥೆರಪಿಸ್ಟರ ಸಂಘ ಹುಟ್ಟಿತು. ಅದೇ ವರ್ಷ ಹತ್ತು ದೇಶಗಳು ಸೇರಿ ವಿಶ್ವ ಒಕ್ಕೂಟ ಕಟ್ಟಿದಾಗ ಆ ಹತ್ತರಲ್ಲಿ ಭಾರತವೂ ಒಂದು. ಆಗ ಮುದನಾಳ ಹೈದರಾಬಾದ್ ರಾಜ್ಯದ ಗುಲಬರ್ಗಾ ಜಿಲ್ಲೆಯಲ್ಲಿತ್ತು, ಕನ್ನಡ ನಾಡು ಒಂದಾಗಲು ಇನ್ನೂ ನಾಲ್ಕು ವರ್ಷ ಬಾಕಿ ಇತ್ತು. ಯಾದಗಿರಿ ಜಿಲ್ಲೆ ಆದದ್ದು 2009ರ ಡಿಸೆಂಬರ್‌ನಲ್ಲಿ. ಅಂದರೆ ಥೆರಪಿಸ್ಟರ ಸಂಘ ನಮ್ಮ ಜಿಲ್ಲೆಗಿಂತ 57 ವರ್ಷ ಹಿರಿದು, ನಮ್ಮ ರಾಜ್ಯಕ್ಕಿಂತಲೂ ಹಿರಿದು. ಮುಂಬಯಿಯಲ್ಲಿ ಅವರ ಮೊದಲ ಶಾಲೆ, ಬೆಂಗಳೂರಿನಲ್ಲಿ ಅವರ ಕೆಲಸಕ್ಕೆ ಜಾಗವಿರುವ ನಿಮ್ಹಾನ್ಸ್. ಎರಡೂ ಊರನ್ನು ಜೋಡಿಸುವ ಉದ್ಯಾನ್ ಎಕ್ಸ್‌ಪ್ರೆಸ್ ದಿನವೂ ಯಾದಗಿರಿಯಲ್ಲಿ ನಿಲ್ಲುತ್ತದೆ. ಗುಳೆ ಹೋಗುವವರು ಹತ್ತುತ್ತಾರೆ, ಹಬ್ಬಕ್ಕೆ ಬಂದವರು ಇಳಿಯುತ್ತಾರೆ. ಆಕ್ಯುಪೇಷನಲ್ ಥೆರಪಿಸ್ಟ್ ಇಳಿದದ್ದನ್ನು ಕಂಡವರು ನಮ್ಮ ಯವ್ವನ ಓಣಿಯಲ್ಲಿಲ್ಲ.

ಇಷ್ಟು ಹಿರಿಯ ಸಂಘ ಏಳು ದಶಕ ಸುಮ್ಮನೆ ಕೂತಿರಲಿಲ್ಲ. ಅದು ಕಾನೂನಿಗೆ ಕಾಯುತ್ತಿತ್ತು. 1992ರಲ್ಲಿ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ಬಂತು, ಆ ಪರಿಷತ್ತಿನ ವೃತ್ತಿಗಳ ಪಟ್ಟಿಯಲ್ಲಿ ಪುನರ್ವಸತಿಯನ್ನೇ ಉಸಿರಾಡುವ ಇವರು ಇಲ್ಲ. 2007ರಲ್ಲಿ ಅರೆವೈದ್ಯಕೀಯ ಮಂಡಳಿಗಳ ಮಸೂದೆ ಲೋಕಸಭೆಗೆ ಬಂತು, ಸದನದ ಅವಧಿ ಮುಗಿದು ಮಸೂದೆಯೂ ಮುಗಿಯಿತು. ಕೊನೆಗೆ 2021ರಲ್ಲಿ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ ಪಾಸಾಯಿತು. ಅದರಲ್ಲಿ ಆಕ್ಯುಪೇಷನಲ್ ಥೆರಪಿಗೆ ತನ್ನದೇ ಪ್ರತ್ಯೇಕ ವರ್ಗ, ಓರೆಗೆರೆ ಇಲ್ಲದೆ. ಆರು ತಿಂಗಳೊಳಗೆ ರಾಜ್ಯಗಳು ಪರಿಷತ್ತು ರಚಿಸಬೇಕು ಎಂದೂ ಬರೆದಿತ್ತು. ಮೂರು ವರ್ಷ ಕಳೆದ ಮೇಲೆ, 2024ರ ಆಗಸ್ಟ್‌ನಲ್ಲಿ, ಇನ್ನೆರಡು ತಿಂಗಳಲ್ಲಿ ಕಾಯ್ದೆ ಜಾರಿ ಮಾಡಿ ಎಂದು ಸುಪ್ರೀಂ ಕೋರ್ಟ್ ಗದರಬೇಕಾಯಿತು. ದೇಶಕ್ಕೆ ಲಕ್ವಾ ಹೊಡೆದರೆ ಫೈಲಿನ ಬೆರಳು ಕೂಡುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆ ನೋಡಿ.

ಕಾನೂನು ಬೇಡವೆಂದು ಯಾರೂ ಹೇಳುವುದಿಲ್ಲ. ನೋಂದಣಿ ಇಲ್ಲದ ಕಸುಬಿನಲ್ಲಿ ಎರಡು ರಬ್ಬರ್ ಚೆಂಡು, ಒಂದು ಜೋಕಾಲಿ ಇಟ್ಟುಕೊಂಡವರೆಲ್ಲ ಬೋರ್ಡು ನೇತುಹಾಕಬಹುದು, ಹಾಕುತ್ತಲೂ ಇದ್ದಾರೆ. ಮಗುವಿನ ಮಾತು ತಡವಾಯಿತೆಂದು ದಿಗಿಲುಬಿದ್ದ ತಾಯಿತಂದೆ ಅಂಥವರ ಕೈಗೇ ಸಿಗುತ್ತಾರೆ. ತಕರಾರು ಇರುವುದು ಕಾನೂನಿನ ಆಚೆ ನಡೆದ ಗಲಾಟೆಯ ಬಗ್ಗೆ. ಹೆಸರಿನ ಹಿಂದೆ "ಡಾ." ಹಾಕಿಕೊಳ್ಳಬಹುದೋ ಇಲ್ಲವೋ ಎಂಬ ಜಗಳ ಈ ದೇಶದಲ್ಲಿ ಎಷ್ಟು ಚುರುಕಾಗಿ ನಡೆಯುತ್ತದೆ ಎಂಬುದಕ್ಕೆ 2025ರ ಸೆಪ್ಟೆಂಬರ್ ಸಾಕ್ಷಿ. ಫಿಸಿಯೋಥೆರಪಿಸ್ಟರು "ಡಾ." ಬಳಸಕೂಡದು ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 9ನೇ ತಾರೀಖು ಪತ್ರ ಬರೆಯಿತು. ಮರುದಿನವೇ ಅದನ್ನು ಹಿಂದಕ್ಕೆ ಪಡೆಯಿತು. ಹಿಂದೆ "ಡಾ.", ಕೊನೆಗೆ ಆವರಣದಲ್ಲಿ ಕಸುಬಿನ ಹೆಸರು ಹಾಕುವ ರೂಢಿ ಆಕ್ಯುಪೇಷನಲ್ ಥೆರಪಿಸ್ಟರಲ್ಲೂ ಇರುವುದರಿಂದ ಅವರ ಎದೆಯೂ ಆ ರಾತ್ರಿ ಡವಗುಟ್ಟಿರಬೇಕು. ಒಂದು ದಿನದಲ್ಲಿ ದಿಲ್ಲಿಯ ಪತ್ರವನ್ನು ಮಡಚಿ ಜೇಬಿಗಿಳಿಸುವಷ್ಟು ಬಲ ಒಂದು ಅಕ್ಷರಕ್ಕಿದೆ. ಜಿಲ್ಲಾ ಕೇಂದ್ರದ ಪಟ್ಟಿಯ ಓರೆಗೆರೆಗೆ ಅಂಥದೊಂದು ರಾತ್ರಿ ಬರಲೇ ಇಲ್ಲ.

ಹಕ್ಕಿನ ಹೋರಾಟದ ಜತೆಗೆ ಜಾಗೃತಿ ಕಾರ್ಯಕ್ರಮವೂ ಇದೆ. 2010ರಿಂದ ಅಕ್ಟೋಬರ್ 27 ವಿಶ್ವ ಆಕ್ಯುಪೇಷನಲ್ ಥೆರಪಿ ದಿನ. ಕಾಲೇಜಿನ ಸಭಾಂಗಣದಲ್ಲಿ ಬ್ಯಾನರ್ ಕಟ್ಟುತ್ತಾರೆ, ದೀಪ ಬೆಳಗುತ್ತಾರೆ, ಕೇಕು ಕತ್ತರಿಸುತ್ತಾರೆ. ಈ ಕಸುಬಿನ ಮಹತ್ವದ ಬಗ್ಗೆ ಥೆರಪಿಸ್ಟರು ಮಾತಾಡುತ್ತಾರೆ, ಥೆರಪಿಸ್ಟರಾಗಲಿರುವವರು ಕೇಳುತ್ತಾರೆ. ಜಾಗೃತಿ ಮೂಡಿಸುವವರೂ ಅವರೇ, ಮೂಡಿಸಿಕೊಳ್ಳುವವರೂ ಅವರೇ, ವಂದನಾರ್ಪಣೆಯೂ ಅವರದೇ. ವರ್ಷಕ್ಕೊಮ್ಮೆ ನಡೆಯುವ ರಾಷ್ಟ್ರೀಯ ಸಮ್ಮೇಳನದಲ್ಲಿ ಪ್ರಬಂಧಗಳಿರುತ್ತವೆ, ಪದಕಗಳಿರುತ್ತವೆ, ಊಟದ ಸಾಲಿನಲ್ಲಿ ಹಳೆಯ ಸಹಪಾಠಿಗಳು ಸಿಗುತ್ತಾರೆ. ಯಾರು ಬ್ರಿಟನ್ನಿಗೆ ಹೋದರು, ಯಾರಿಗೆ ದುಬೈಯಲ್ಲಿ ಕೆಲಸ ಸಿಕ್ಕಿತು, ಅಮೆರಿಕದ ಪರೀಕ್ಷೆಗೆ ಯಾರು ಓದುತ್ತಿದ್ದಾರೆ ಎಂಬ ವರದಿ ಅಲ್ಲೇ ಒಪ್ಪಿತವಾಗುತ್ತದೆ. ಹೋಗುವವರನ್ನು ಬೈದು ಫಲವಿಲ್ಲ. ಮಣಿಪಾಲದಲ್ಲಿ ಸಾಲ ಮಾಡಿ ಓದಿಸಿದ ತಂದೆಗೆ ಯಾದಗಿರಿಯ ಅರ್ಧ ಕುರ್ಚಿಯ ಗುತ್ತಿಗೆ ನೌಕರಿ ತೋರಿಸಿದರೆ ಅವನೇ ಪಾಸ್‌ಪೋರ್ಟ್ ಮಾಡಿಸಿಕೊಡುತ್ತಾನೆ. ಬೆಂಗಳೂರಿನಲ್ಲಿ ಉಳಿದವರು ಮಕ್ಕಳ ಕ್ಲಿನಿಕ್ಕಿನಲ್ಲಿ ದುಡಿಯುತ್ತಾರೆ, ಅಲ್ಲಿ ತಾಸಿಗಿಷ್ಟು ಎಂದು ಕೊಡುವ ಪೋಷಕರಿದ್ದಾರೆ. ಆ ಕ್ಲಿನಿಕ್ಕಿಗೆ ಬರುವ ಮಕ್ಕಳ ತೊಂದರೆಯೇ ಮುದನಾಳದ ಮಗುವಿಗೂ ಇರಬಹುದು. ಅದನ್ನು ಓಣಿ "ಹಟಮಾರಿ" ಎಂದು ಕರೆದು ಎರಡೇಟು ಕೊಟ್ಟು ವಾಸಿಮಾಡುತ್ತದೆ.

ಈ ಖಾಲಿ ಜಾಗವನ್ನು ತುಂಬುವುದು ಶಿಬಿರ. ಶಾಮಿಯಾನ, ಮೈಕು, ಸಾಲಾಗಿ ನಿಲ್ಲಿಸಿದ ಹೊಳೆಯುವ ಗಾಲಿಕುರ್ಚಿಗಳು. ಮಾನ್ಯರು ಬರುತ್ತಾರೆ, ಒಂದೊಂದು ಕುರ್ಚಿಗೂ ಒಂದು ಕೈಯಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ, ಸಂಜೆಗೆ ಕುರ್ಚಿ ಊರು ಸೇರುತ್ತದೆ. ಊರು ಸೇರಿದ ಕುರ್ಚಿ ಮನೆ ಸೇರುವುದಿಲ್ಲ, ಏಕೆಂದರೆ ಬಾಗಿಲಿಗಿಂತ ಕುರ್ಚಿ ಅಗಲ, ಹೊಸ್ತಿಲು ಗೇಣೆತ್ತರ, ಒಳಗೆ ಹೋದರೂ ತಿರುಗಿಸಲು ಜಾಗವಿಲ್ಲ. ಹಂಚುವ ಮೊದಲು ಹೊಸ್ತಿಲನ್ನು ಅಳೆಯಬೇಕೆಂದು ಹೇಳುವುದೇ ಯಾರ ಕೆಲಸವೋ ಅವರನ್ನು ಶಿಬಿರಕ್ಕೆ ಕರೆದಿರುವುದಿಲ್ಲ. ಕೊನೆಗೆ ಕುರ್ಚಿ ಅಂಗಳದಲ್ಲಿ ಕೆಂಪು ಮೆಣಸಿನಕಾಯಿಯ ಮೊರ ಹೊತ್ತು ನಿಲ್ಲುತ್ತದೆ. ಬಿಸಿಲು ಸರಿದ ಹಾಗೆ ತಳ್ಳುವುದಕ್ಕೆ ಗಾಲಿ ಅನುಕೂಲವೇ. ವಿತರಣೆಯ ವರದಿಯಲ್ಲಿ ಮಾತ್ರ ಅದು ಫಲಾನುಭವಿಯನ್ನು ಹೊತ್ತು ಓಡುತ್ತಿರುತ್ತದೆ.

ಪಂಚಾಯಿತಿಯಲ್ಲಿ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತನಿದ್ದಾನೆ, ಇದೊಂದು ನಮ್ಮ ರಾಜ್ಯದ ಒಳ್ಳೆಯ ಯೋಚನೆ. ತಾನೇ ಅಂಗವಿಕಲನಾದ ಅವನು ಗೌರವಧನಕ್ಕೆ ದುಡಿಯುತ್ತ ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡು ಮಾಡಿಸುತ್ತಾನೆ, ಪಿಂಚಣಿ ನಿಂತರೆ ತಾಲ್ಲೂಕಿಗೆ ಓಡುತ್ತಾನೆ. ಯವ್ವನ ಮನೆ ಅವನಿಗೆ ಗೊತ್ತು, ಹೊಸ್ತಿಲಿನ ಎತ್ತರವೂ ಗೊತ್ತು. ಪರಾತದ ಅಡಿಗೆ ಒದ್ದೆ ಬಟ್ಟೆ ಹಾಕಬೇಕೆಂದು ಅವನಿಗೆ ಯಾರಾದರೂ ಒಂದು ದಿನ ಕೂತು ಹೇಳಿಕೊಟ್ಟರೆ ಸಾಕಿತ್ತು. ಹೇಳಿಕೊಡಬೇಕಾದವರು ಸಮ್ಮೇಳನದಲ್ಲಿ "ಗ್ರಾಮೀಣ ಭಾರತದಲ್ಲಿ ಸಮುದಾಯ ಆಧಾರಿತ ಪುನರ್ವಸತಿ: ಸವಾಲುಗಳು" ಎಂಬ ಪ್ರಬಂಧ ಮಂಡಿಸುತ್ತಿದ್ದಾರೆ. ಮೊದಲ ಸವಾಲು, ಪ್ರಬಂಧಕಾರರು ಗ್ರಾಮದಲ್ಲಿಲ್ಲ.

ಹೋರಾಟ ಹೇಗೆ ಮಾಡುವುದೆಂದು ತಿಳಿಯದಿದ್ದರೆ ದೂರ ಹೋಗಬೇಕಾಗಿಲ್ಲ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಾಲ್ಕು ದಿನ ಕೂತರು. ಅಹೋರಾತ್ರಿ ಕೂತವರಲ್ಲಿ ನಮ್ಮ ಕಡೆಯ ಹಳ್ಳಿಯ ಹೆಣ್ಣುಮಕ್ಕಳೂ ಇದ್ದರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಎಂಬ ಭರವಸೆ ಪಡೆದೇ ಎದ್ದರು. ಭರವಸೆ ಕಾಗದದಲ್ಲೇ ಉಳಿದಾಗ ಅದೇ ವರ್ಷ ಮತ್ತೆ ಬೀದಿಗಿಳಿದರು. ಅವರ ಹೆಸರಿನ ಹಿಂದೆ ಏನೂ ಇಲ್ಲ, ಮುಂದೆಯೂ ಏನೂ ಇಲ್ಲ. ಆದರೆ ಅವರು ಎದ್ದು ನಿಂತರೆ ಸರಕಾರ ಕಿವಿಗೊಡುತ್ತದೆ, ಏಕೆಂದರೆ ಒಬ್ಬೊಬ್ಬರ ಬೆನ್ನ ಹಿಂದೆಯೂ ಅವರು ಆಸ್ಪತ್ರೆಗೆ ಕರೆದೊಯ್ದ ಬಾಣಂತಿಯರಿದ್ದಾರೆ, ಚುಚ್ಚುಮದ್ದು ಹಾಕಿಸಿದ ಮಕ್ಕಳಿದ್ದಾರೆ. ಊರಿನಲ್ಲಿ ಅವರ ಪರ ಮಾತಾಡದ ಮನೆಯಿಲ್ಲ.

ಇನ್ನೂ ದೊಡ್ಡ ಉದಾಹರಣೆ ಬೇಕೆಂದರೆ 371(ಜೆ) ಕಲಂ. ಈ ಭಾಗಕ್ಕೆ ಸಂವಿಧಾನದಲ್ಲಿ ಒಂದು ವಿಶೇಷ ಸ್ಥಾನ ಬೇಕೆಂದು ವೈಜನಾಥ ಪಾಟೀಲರು ವರ್ಷಗಟ್ಟಲೆ ಊರೂರು ತಿರುಗಿದರು, ಉಪವಾಸ ಕೂತರು. ಆಗುವುದಿಲ್ಲ ಎಂದು ದಿಲ್ಲಿ ಮುಖ ತಿರುಗಿಸಿತ್ತು. ಆದರೂ ಸಂತೆಯಲ್ಲಿ, ಕಾಲೇಜಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಅದೇ ಮಾತಾಯಿತು, ಕಲಂ ಎಂದರೇನೆಂದು ಗೊತ್ತಿಲ್ಲದವರೂ ಆ ಅಂಕಿ ಹೇಳತೊಡಗಿದರು, 2012ರಲ್ಲಿ ಸಂಸತ್ತು 98ನೇ ತಿದ್ದುಪಡಿಗೆ ಒಪ್ಪಿತು. ಅದು ವಕೀಲರ ಸಂಘದ ಬೇಡಿಕೆಯಾಗಿಯೇ ಉಳಿದಿದ್ದರೆ ಇವತ್ತಿಗೂ "ಪರಿಶೀಲನೆಯಲ್ಲಿದೆ" ಎಂಬ ಮುದ್ರೆ ಹೊತ್ತು ಮಲಗಿರುತ್ತಿತ್ತು. ಬೇಡಿಕೆ ಕೈ ಬದಲಾಯಿಸಿ ಮಂದಿಯದಾಯಿತು, ಆಗಲೇ ಅದಕ್ಕೆ ಕಾಲು ಬಂತು.

ಆಕ್ಯುಪೇಷನಲ್ ಥೆರಪಿಸ್ಟರ ಪರ ಮುದನಾಳದಲ್ಲಿ ಯಾರು ಮಾತಾಡಬೇಕು? ಸಂಘದ ಪದಾಧಿಕಾರಿಗಳು ಕಮಿಷನರಿಗೆ ಮನವಿ ಕೊಟ್ಟರೆ ಕಮಿಷನರು ನಗುತ್ತ ಸ್ವೀಕರಿಸುತ್ತಾರೆ, ಫೋಟೋ ಬರುತ್ತದೆ, ಮನವಿ ಫೈಲಿಗೆ ಹೋಗುತ್ತದೆ. ನೌಕರಿ ಬೇಕೆಂದು ಕೇಳುವವರ ಮನವಿಯನ್ನು ಸರಕಾರ ಎಲ್ಲಿ ಇಡಬೇಕೋ ಅಲ್ಲಿಡಲು ಕಲಿತು ನೂರು ವರ್ಷವಾಯಿತು. ಅದೇ ಆ ಸೊಸೆ ಒಂದು ದಿನದ ಕೂಲಿ ಬಿಟ್ಟು ಜನಸ್ಪಂದನ ಸಭೆಗೆ ಬಂದು, "ಸಾಹೇಬ್ರೆ, ನಮ್ಮತ್ತಿ ತನ್ನ ಕೈಲೆ ಉಣ್ಣಲತ್ಯಾಳ್ರಿ, ನಾ ಕೂಲಿಗಿ ಹೋಗಲತ್ತೀನ್ರಿ. ಕಲಿಸೋ ಮೇಡಂ ನಮ್ಮ ಊರಿಗಿ ಬಂದ್ರು, ಪಕ್ಕದ ಊರಿಗಿ ಯಾಕ್ ಬರಂಗಿಲ್ಲ?" ಎಂದು ಎದ್ದು ನಿಂತರೆ ಸಾಹೇಬರು ಪೆನ್ನು ತೆಗೆಯಲೇಬೇಕು. ಆ ಹೆಣ್ಣುಮಗಳ ಬಾಯಲ್ಲಿ ಇರುವುದು ವೃತ್ತಿಯ ಘನತೆಯಲ್ಲ, 370 ರೂಪಾಯಿ. ಸರಕಾರಕ್ಕೆ ಅರ್ಥವಾಗುವ ಭಾಷೆ ಅದು.

ಆದರೆ ಆಕೆ ಹಾಗೆ ಕೇಳಬೇಕಾದರೆ ಆ ಕೆಲಸ ಏನೆಂದು ಒಮ್ಮೆಯಾದರೂ ಕಣ್ಣಾರೆ ಕಂಡಿರಬೇಕು. ಆದ್ದರಿಂದ ಸಂಘಕ್ಕೊಂದು ಸಲಹೆ. ಮುಂದಿನ ಅಕ್ಟೋಬರ್ 27ರ ಕೇಕನ್ನು ರದ್ದು ಮಾಡಿ. ಆ ದುಡ್ಡಿನಲ್ಲಿ ರೈಲಿನ ಟಿಕೆಟ್ ತೆಗೆಸಿ, ನಾಲ್ವರನ್ನು ಯಾದಗಿರಿಯಲ್ಲಿ ಇಳಿಸಿ, ಹದಿನೈದು ದಿನ ಬಿಡಿ. ಬ್ಯಾನರ್ ಬೇಡ. ಒಬ್ಬ ಯವ್ವ, ಒಂದು ಪರಾತ, ಜತೆಗೆ ಪಂಚಾಯಿತಿಯ ಆ ಪುನರ್ವಸತಿ ಕಾರ್ಯಕರ್ತ ಸಾಕು. ಎದುರುಮನೆಯ ಕಟ್ಟೆಯ ನ್ಯಾಯಪೀಠ ಮೊದಲ ದಿನ ಬೈಯುತ್ತದೆ, ಮೂರನೆಯ ದಿನ ಇಣುಕುತ್ತದೆ, ಯವ್ವ ತನ್ನ ಕೈಯಾರೆ ತುತ್ತು ಎತ್ತಿದ ದಿನ ತೀರ್ಪು ತಿದ್ದಿಕೊಳ್ಳುತ್ತದೆ. ಆ ಪೀಠ ನಿಮ್ಮ ಪರ ತಿರುಗಿತೆಂದರೆ ವಾರದೊಳಗೆ ಸುತ್ತಲಿನ ಊರುಗಳಿಗೆಲ್ಲ ಸುದ್ದಿ ಮುಟ್ಟುತ್ತದೆ, ಅದರ ಜಾಲಕ್ಕೆ ಸಮನಾದ ಪ್ರಚಾರ ವಿಭಾಗ ಯಾವ ಒಕ್ಕೂಟಕ್ಕೂ ಇಲ್ಲ.

ಇನ್ನು ಹೆಸರಿನ ಹಿಂದಿನ ಆ ಅಕ್ಷರದ ಚಿಂತೆ. ನಮ್ಮ ಕಡೆ ಬಿದ್ದ ಕೈ ಎತ್ತಿಸಿದವರು ಕಾಂಪೌಂಡರ್ ಆಗಿದ್ದರೂ ಮಂದಿ "ಡಾಕ್ಟ್ರೇ" ಎಂದೇ ಕರೆಯುತ್ತಾರೆ. ದಿಲ್ಲಿಯ ಯಾವ ಪತ್ರವನ್ನೂ ಕೇಳಿ ಕರೆದದ್ದಲ್ಲ, ದಿಲ್ಲಿ ಬೇಡವೆಂದರೂ ಬಿಡುವುದಿಲ್ಲ.